ಅಪ್ಪನಿಗೆ ಹೊಡೆದಿದ್ದಾರೆ. ಠಾಣೆಯಲ್ಲಿ ‘ಎನ್‌ಸಿಆರ್’ ಅಂತ ಚೀಟಿ ಕೊಟ್ಟು ಕಳಿಸಿದರು. ಮುಂದೇನು?

ತೆಂಗಿನತೋಟ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಲ್ಲಿ ಕೆಲಸದಲ್ಲಿದ್ದೇನೆ. ಅಪ್ಪ ಅಮ್ಮ ಊರಲ್ಲಿದ್ದಾರೆ, ತುಮಕೂರು ಜಿಲ್ಲೆ. ಅಪ್ಪನಿಗೆ 68 ವರ್ಷ. ಹೋದ ಭಾನುವಾರ ಪಕ್ಕದ ಜಮೀನಿನವರು ಟ್ರ್ಯಾಕ್ಟರ್ ಹೊಡೆಸುವಾಗ ನಮ್ಮ ಬದುವನ್ನು ಎರಡು ಅಡಿ ಒಳಗೆ ಕೊರೆದರು. ಅಪ್ಪ ಹೋಗಿ ಕೇಳಿದ್ದಕ್ಕೆ ಕೆಟ್ಟದಾಗಿ ಬೈದು ಬಾಯಿಗೆ ಗುದ್ದಿದ್ದಾರೆ. ಅಂಗಿಯೆಲ್ಲ ರಕ್ತ ಆಗಿತ್ತು ಅಂತ ಅಮ್ಮ ಫೋನಲ್ಲಿ ಅತ್ತರು. ನಾನು ರಾತ್ರಿ ಬಸ್ ಹತ್ತಿ ಊರಿಗೆ ಹೋದೆ.

ಸೋಮವಾರ ಠಾಣೆಗೆ ಹೋಗಿ ದೂರು ಕೊಟ್ಟೆವು. ಎರಡು ಗಂಟೆ ಕೂರಿಸಿ ಒಂದು ಹಿಂಬರಹ ಕೊಟ್ಟರು. ‘ಎನ್‌ಸಿಆರ್’ ಅಂತ ನಂಬರ್ ಇದೆ. ‘ಇದು ನಮಗೆ ಬರಲ್ಲ, ಕೋರ್ಟಿಗೆ ಹೋಗಿ’ ಅಂದರು. ಹೊಡೆದವನು ನಮ್ಮ ಮನೆ ಮುಂದೆಯೇ ಬೈಕಲ್ಲಿ ಓಡಾಡುತ್ತಿದ್ದಾನೆ. ಹೊಡೆದರೆ ಕೇಸಿಲ್ಲ ಅಂದರೆ ಏನರ್ಥ? ದಯವಿಟ್ಟು ಗೊತ್ತಿರುವವರು ಹೇಳಿ.

ಹುಳಿಯಾರ್ ಹೈದ

ದುಡ್ಡು ತಿಂದಿರ್ತಾರೆ ಅಣ್ಣ. ಎಸ್‌ಪಿ ಆಫೀಸ್ ಮುಂದೆ ಹೋಗಿ ಕೂತ್ಕೊಳ್ಳಿ. ಇಲ್ಲಾಂದ್ರೆ ಯಾವ ಕೆಲಸವೂ ಆಗಲ್ಲ.

ಕಪ್ಪು ಕೋಟು

ಮೊದಲು ಅಪ್ಪ ಹೇಗಿದ್ದಾರೆ ಹೇಳಿ. ಡಾಕ್ಟರಿಗೆ ತೋರಿಸಿದ್ರಾ? ಸರ್ಕಾರಿ ಆಸ್ಪತ್ರೆಯೋ, ಖಾಸಗಿಯೋ? ಇದನ್ನು ಸುಮ್ನೆ ಕೇಳುತ್ತಿಲ್ಲ. ನಿಮ್ಮ ಕೇಸಿನ ದಾರಿ ಅದರ ಮೇಲೇ ನಿಂತಿದೆ.

ನಾನು ತಾಲ್ಲೂಕು ಕೋರ್ಟಿನಲ್ಲಿ ವಕೀಲೆ. ಇದೇ ಚೀಟಿ ಹಿಡಿದುಕೊಂಡು ಬರುವವರು ಜಾಸ್ತಿ. ಎಲ್ಲರ ಮುಖದಲ್ಲೂ ಇದೇ ಪ್ರಶ್ನೆ. ಠಾಣೆಯವರು ದುಡ್ಡು ತಿಂದಿದ್ದಾರೆ ಅಂತ ಈಗಲೇ ತೀರ್ಮಾನ ಮಾಡಬೇಡಿ.

ನಮ್ಮ ಕಾನೂನು ಅಪರಾಧಗಳನ್ನು ಎರಡು ಗುಂಪು ಮಾಡಿದೆ. ಕೊಲೆ, ದರೋಡೆ, ಮೂಳೆ ಮುರಿಯುವಂತೆ ಹೊಡೆಯುವುದು, ಇಂಥವು ಒಂದು ಗುಂಪು. ಇಲ್ಲಿ ಪೊಲೀಸರು ಯಾರ ಅಪ್ಪಣೆಗೂ ಕಾಯಬೇಕಿಲ್ಲ. ದೂರು ಬಂದ ಕೂಡಲೇ ಎಫ್‌ಐಆರ್ ಹಾಕಿ ತನಿಖೆ ಶುರು ಮಾಡಬೇಕು. ಇವನ್ನು ಸಂಜ್ಞೇಯ ಅಪರಾಧ ಅಂತ ಕರೆಯುತ್ತಾರೆ. ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ: ದೂರಿನಲ್ಲಿ ಇಂಥ ಅಪರಾಧ ಕಂಡರೆ ಎಫ್‌ಐಆರ್ ಹಾಕಲೇಬೇಕು.

ಇನ್ನೊಂದು ಗುಂಪು ಅಸಂಜ್ಞೇಯ. ಕೈಯಿಂದ ಎರಡು ಏಟು ಹೊಡೆದು ಸಣ್ಣ ಗಾಯವಾಗಿದ್ದರೆ ಅದು ಇದರಲ್ಲಿ ಬರುತ್ತದೆ. ಜಗಳ ಎಬ್ಬಿಸುವ ಹಾಗೆ ಬೈಯುವುದೂ ಇದರಲ್ಲೇ. ಇಲ್ಲಿ ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ಪೊಲೀಸರು ತನಿಖೆಗೆ ಕೈ ಹಾಕುವಂತೆಯೇ ಇಲ್ಲ. ಅವರು ನಿಮ್ಮ ಮಾತನ್ನು ಪುಸ್ತಕದಲ್ಲಿ ಬರೆದುಕೊಂಡು, ಚೀಟಿ ಕೊಟ್ಟು, ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಿ ಅಂತ ಹೇಳಬೇಕು. ಅದೇ ಎನ್‌ಸಿಆರ್. ಅಂದರೆ ನಿಮಗೆ ಹೊಡೆದಿದ್ದು ಅಪರಾಧವೇ ಅಲ್ಲ ಅಂತ ಅರ್ಥ ಅಲ್ಲ. ಪೊಲೀಸರ ಕೈಗೆ ಕಾನೂನು ಅಲ್ಲಿ ಒಂದು ಬೀಗ ಹಾಕಿದೆ, ಅದನ್ನು ಮ್ಯಾಜಿಸ್ಟ್ರೇಟ್ ತೆಗೆಯಬೇಕು.

ಹಳೆಯ ಐಪಿಸಿಯಲ್ಲಿ ಇದು ‘ಮುನ್ನೂರ ಇಪ್ಪತ್ಮೂರು’. ಊರಲ್ಲಿ ಈಗಲೂ ಹಾಗೇ ಅಂತಾರೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಅದರಲ್ಲಿ ಕಲಂ 115(2). ಒಂದು ವರ್ಷದ ತನಕ ಜೈಲು ಅಥವಾ ಹತ್ತು ಸಾವಿರದ ತನಕ ದಂಡ, ಇಲ್ಲ ಎರಡೂ.

ಇದೇ ದಾರಿ ಹಿಡಿಯಬೇಕಾದರೆ ತಡ ಮಾಡಬೇಡಿ. ಒಂದು ವರ್ಷದ ತನಕ ಶಿಕ್ಷೆ ಇರುವ ಅಪರಾಧವನ್ನು ಕೋರ್ಟು ವಿಚಾರಣೆಗೆ ತೆಗೆದುಕೊಳ್ಳಲು ಒಂದೇ ವರ್ಷದ ಗಡುವು. ಆದರೆ ಅದಕ್ಕೆ ಮೊದಲು ಡಾಕ್ಟರ್ ಏನು ಹೇಳಿದರು ಅಂತ ಬರೆಯಿರಿ.

ತೆಂಗಿನತೋಟ

ಮೇಡಂ, ತುಂಬಾ ಧನ್ಯವಾದ. ಭಾನುವಾರವೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ತುಟಿಗೆ ಎರಡು ಹೊಲಿಗೆ ಹಾಕಿದ್ದಾರೆ. ಮುಂದಿನ ಹಲ್ಲು ಅರ್ಧ ಮುರಿದಿದೆ, ಪಕ್ಕದ್ದು ಅಲ್ಲಾಡುತ್ತಿದೆ. ‘ವಯಸ್ಸಾದ ಹಲ್ಲು, ಹೋದರೆ ಹೋಗಲಿ’ ಅಂತ ಅಪ್ಪ ದೂರಿನಲ್ಲಿ ಬರೆಸಲೇ ಇಲ್ಲ. ಬರೀ ‘ಕೈಯಿಂದ ಹೊಡೆದರು’ ಅಂತ ಬರೆಸಿದ್ದಾರೆ.

ಕಪ್ಪು ಕೋಟು

ಅಯ್ಯೋ, ಇದನ್ನು ಮೊದಲು ಹೇಳಬೇಕಿತ್ತು ಅಲ್ವಾ! ಹಲ್ಲು ಮುರಿದರೆ ವಿಷಯವೇ ಬೇರೆ.

ಕಾನೂನಿನಲ್ಲಿ ‘ಗಂಭೀರ ಗಾಯ’ ಅಂದರೆ ಡಾಕ್ಟರಿಗೋ ಪೊಲೀಸರಿಗೋ ಗಂಭೀರ ಅನಿಸಿದ್ದಲ್ಲ. ಯಾವುದು ಗಂಭೀರ ಅಂತ ಕಲಂ 116ರಲ್ಲಿ ಪಟ್ಟಿಯೇ ಇದೆ. ಕಣ್ಣು ಹೋಗುವುದು, ಕಿವಿ ಹೋಗುವುದು, ಮುಖ ವಿಕಾರ ಆಗುವುದು. ಹದಿನೈದು ದಿನ ದಿನನಿತ್ಯದ ಕೆಲಸ ಮಾಡಲಾಗದಂತೆ ಆಗುವುದು (ಹಳೆಯ ಕಾನೂನಿನಲ್ಲಿ ಇಪ್ಪತ್ತು ದಿನ ಇತ್ತು). ಅದರಲ್ಲೇ ಇದೂ ಇದೆ: ಮೂಳೆ ಅಥವಾ ಹಲ್ಲು ಮುರಿಯುವುದು, ಜಾಗ ತಪ್ಪುವುದು. ಒಂದು ಹಲ್ಲು ಸಾಕು. 68 ವರ್ಷದವರ ಹಲ್ಲು ಕಡಿಮೆ ಹಲ್ಲು ಅಂತ ಎಲ್ಲೂ ಬರೆದಿಲ್ಲ.

ಆಗ ಕಲಂ 117(2). ಏಳು ವರ್ಷದ ತನಕ ಶಿಕ್ಷೆ, ಜೊತೆಗೆ ದಂಡ. ಇದು ಸಂಜ್ಞೇಯ. ಒಂದು ದೂರಿನಲ್ಲಿ ನಾಲ್ಕು ಅಪರಾಧ ಇದ್ದು ಅದರಲ್ಲಿ ಒಂದೇ ಒಂದು ಸಂಜ್ಞೇಯ ಆಗಿದ್ದರೂ ಇಡೀ ಪ್ರಕರಣವನ್ನು ಸಂಜ್ಞೇಯ ಅಂತಲೇ ನೋಡಬೇಕು. ಬೈದಿದ್ದೂ ಇದರ ಜೊತೆಗೇ ತನಿಖೆ ಆಗುತ್ತದೆ.

ಒಂದು ಮಾತು ಪ್ರಾಮಾಣಿಕವಾಗಿ ಹೇಳಿಬಿಡುತ್ತೇನೆ. ಹಲ್ಲು ಮುರಿದಿದೆ ಅನ್ನುವುದರಿಂದ ಎಫ್‌ಐಆರ್ ಆಗುತ್ತದೆ. ಶಿಕ್ಷೆ ಆಗಬೇಕಾದರೆ ಅಷ್ಟು ಸಾಲದು. ಹೊಡೆದವನಿಗೆ ಅಂಥ ಗಾಯ ಮಾಡುವ ಉದ್ದೇಶ ಇತ್ತು, ಅಥವಾ ಹೀಗೆ ಹೊಡೆದರೆ ಹಾಗಾಗಬಹುದು ಅಂತ ಗೊತ್ತಿತ್ತು ಅನ್ನುವುದೂ ಸಾಬೀತಾಗಬೇಕು. ಮನಸ್ಸಿನಲ್ಲಿ ಏನಿತ್ತು ಅನ್ನುವುದು ನಮ್ಮ ಕ್ರಿಮಿನಲ್ ಕಾನೂನಿನ ಅರ್ಧ ಜೀವ. ತಳ್ಳಾಟದಲ್ಲಿ ಕಾಲು ಜಾರಿ ಬಿದ್ದು ಹಲ್ಲು ಮುರಿಯುವುದು ಬೇರೆ, ಮುಷ್ಟಿ ಕಟ್ಟಿ ನೇರ ಬಾಯಿಗೆ ಗುದ್ದುವುದು ಬೇರೆ. ಹಾಗಾಗಿ ಅಪ್ಪ ದೂರಿನಲ್ಲಿ ನಡೆದಿದ್ದನ್ನು ನಡೆದ ಹಾಗೇ ಹೇಳಲಿ. ಒಂದು ಕೂದಲೂ ಜಾಸ್ತಿ ಬೇಡ, ಕಡಿಮೆಯೂ ಬೇಡ.

ಹಳೇ ದಫೇದಾರ್

ಮೇಡಂ ಹೇಳಿದ್ದು ಸರಿ. ನಾನು ಮೂವತ್ತು ವರ್ಷ ಇಲಾಖೆಯಲ್ಲಿದ್ದು ನಿವೃತ್ತಿ ಆದವನು. ಠಾಣೆ ಮೇಜಿನ ಆ ಕಡೆ ಕೂತವನ ಮಾತು ಕೇಳಿ ಮಗಾ.

ಬರೆದು ತಂದ ದೂರಿನಲ್ಲಿ ಏನಿದೆಯೋ ಅದರ ಮೇಲೆಯೇ ನಾವು ಕಲಂ ಹಾಕುವುದು. ‘ಕೈಯಿಂದ ಹೊಡೆದರು’ ಅಂತ ಬರೆದರೆ ಎನ್‌ಸಿಆರ್ ಆಗುತ್ತದೆ. ಬಾಯಲ್ಲಿ ರಕ್ತ ಇರುವ ಮುದುಕರನ್ನು ನೋಡಿಯೂ ‘ಹಲ್ಲಿಗೆ ಏನಾಯ್ತು ಯಜಮಾನ್ರೇ’ ಅಂತ ಒಂದು ಮಾತು ಕೇಳಬೇಕಿತ್ತು. ಕೇಳದೆ ಇದ್ದದ್ದು ತಪ್ಪು. ಅದು ನನಗೂ ಬೇಜಾರಾಯಿತು.

ಈಗ ಹೊಸದಾಗಿ ದೂರು ಬರೆಯಿರಿ. ತಾರೀಕು, ಹೊತ್ತು, ಸರ್ವೆ ನಂಬರ್, ಯಾರು ಎಲ್ಲಿ ನಿಂತಿದ್ದರು. ಯಾವ ಕೈಯಿಂದ, ಎಲ್ಲಿಗೆ ಹೊಡೆದರು. ಯಾರು ನೋಡಿದರು. ಟ್ರ್ಯಾಕ್ಟರ್ ಡ್ರೈವರ್ ನೋಡಿರುತ್ತಾನೆ, ಅವನ ಹೆಸರೂ ಬರಲಿ. ಆಸ್ಪತ್ರೆಯ ಚೀಟಿ, ಹಲ್ಲಿನ ಎಕ್ಸ್‌ರೇ ಇದ್ದರೆ ಅದರ ನಕಲು. ಮೊದಲನೇ ದೂರಿನಲ್ಲಿ ಹಲ್ಲಿನ ವಿಷಯ ಯಾಕೆ ಬರಲಿಲ್ಲ ಅನ್ನುವುದನ್ನೂ ಒಂದು ಸಾಲು ಬರೆಯಿರಿ. ಅದನ್ನು ಬಿಟ್ಟರೆ ನಾಳೆ ಕೋರ್ಟಲ್ಲಿ ಎದುರಿನ ವಕೀಲರು ‘ಆಮೇಲೆ ಸೇರಿಸಿದ್ದು’ ಅಂತ ಅದನ್ನೇ ಹಿಡಿಯುತ್ತಾರೆ. ರಕ್ತ ಆದ ಅಂಗಿಯನ್ನು ತೊಳೆಯಬೇಡಿ. ಪೇಪರಲ್ಲಿ ಸುತ್ತಿಡಿ.

ಎಫ್‌ಐಆರ್ ಆದರೆ ಪ್ರತಿ ಕೇಳಿ ತೆಗೆದುಕೊಳ್ಳಿ, ಪುಕ್ಕಟೆ ಕೊಡಬೇಕು. ಠಾಣೆಯವರು ದೂರು ತೆಗೆದುಕೊಳ್ಳದೇ ಹೋದರೆ ಲಿಖಿತವಾಗಿ ಎಸ್‌ಪಿಗೆ ಪೋಸ್ಟಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಬಹುದು. ಕಚೇರಿ ಮುಂದೆ ಧರಣಿ ಕೂರುವುದಕ್ಕಿಂತ ಸ್ಪೀಡ್ ಪೋಸ್ಟಿನ ರಸೀದಿಗೆ ಬೆಲೆ ಜಾಸ್ತಿ.

ಬಿಳಿಜೋಳ

ಸರ್, ಮಧ್ಯೆ ಒಂದು ಪ್ರಶ್ನೆ. ನಮ್ಮ ಬೋರ್‌ವೆಲ್ ಕೇಬಲ್ ಕಳವಾಯಿತು. ನಾಲ್ಕು ಸಾವಿರದ್ದು. ಕಳ್ಳತನಕ್ಕೂ ಎನ್‌ಸಿಆರ್ ಅಂತಾರೆ! ಇದು ಸರೀನಾ?

ಹಳೇ ದಫೇದಾರ್

ಹೊಸ ಕಾನೂನಿನಲ್ಲಿ ಹಾಗಿದೆ. ಐದು ಸಾವಿರಕ್ಕಿಂತ ಕಡಿಮೆ ಬೆಲೆಯ ಮಾಲಿನ ಕಳವು ಈಗ ಅಸಂಜ್ಞೇಯ. ಮೊದಲ ಸಲ ಸಿಕ್ಕಿಬಿದ್ದವನು ಮಾಲು ವಾಪಸ್ ಕೊಟ್ಟರೆ ಸಮುದಾಯ ಸೇವೆಯ ಶಿಕ್ಷೆ. ಆದರೆ ಕೇಬಲ್ ಎಲ್ಲಿತ್ತು? ಬಯಲಲ್ಲಿ ಬಿದ್ದಿದ್ದರೆ ಒಂದು ಲೆಕ್ಕ. ಸಾಮಾನು ಇಡುವ ಪಂಪ್‌ಹೌಸ್ ಕಟ್ಟಡದ ಒಳಗಿಂದ ಹೋಗಿದ್ದರೆ ಕಲಂ 305 ಬರುತ್ತದೆ. ಅದು ಸಂಜ್ಞೇಯ, ಅಲ್ಲಿ ಐದು ಸಾವಿರದ ಲೆಕ್ಕ ಇಲ್ಲ. ದೂರಿನಲ್ಲಿ ಜಾಗ ಸರಿಯಾಗಿ ಬರೆಯಿರಿ.

ತೆಂಗಿನತೋಟ

ಎಲ್ಲರಿಗೂ ವಿಷಯ ತಿಳಿಸುತ್ತೇನೆ. ಹೊಸ ದೂರು ಕೊಟ್ಟೆವು. ಹಲ್ಲಿನ ಡಾಕ್ಟರ್ ಎಕ್ಸ್‌ರೇ ತೆಗೆದು ‘ಮುರಿತ’ ಅಂತ ಬರೆದುಕೊಟ್ಟರು. ಎಫ್‌ಐಆರ್ ಆಯಿತು. 117(2), ಬೈದದ್ದಕ್ಕೆ 352. ಪ್ರತಿಯೂ ಸಿಕ್ಕಿತು.

ಆದರೆ ಹೊಟ್ಟೆ ಉರಿಯುವ ವಿಷಯ ಕೇಳಿ. ಬೆಳಿಗ್ಗೆ ಅವನನ್ನು ಕರೆಸಿದರು, ಮಧ್ಯಾಹ್ನ ಊಟದ ಹೊತ್ತಿಗೆ ಬಿಟ್ಟು ಕಳಿಸಿದರು. ಏಳು ವರ್ಷದ ಕೇಸು ಅಂದಿರಲ್ಲ ಮೇಡಂ? ಅಮ್ಮ ಆ ದಿನ ಊಟ ಮಾಡಲಿಲ್ಲ.

ಕಪ್ಪು ಕೋಟು

ಅಮ್ಮನ ಸಂಕಟ ಅರ್ಥವಾಗುತ್ತದೆ. ಆದರೆ ಇದನ್ನು ಸರಿಯಾಗಿ ತಿಳಿದುಕೊಳ್ಳಿ, ಇಲ್ಲದಿದ್ದರೆ ಕೇಸು ನಡೆಯುವಷ್ಟು ವರ್ಷವೂ ನೋಯುತ್ತೀರಿ.

ಜಾಮೀನು ಅಂದರೆ ಬಿಡುಗಡೆ ಅಲ್ಲ. ಕೇಸು ಬಿದ್ದುಹೋಯಿತು ಅಂತಲೂ ಅಲ್ಲ. ‘ಕರೆದಾಗ ಬರುತ್ತೇನೆ’ ಅನ್ನುವ ಮಾತಿಗೆ ಒಂದು ಬರಹ, ಒಂದು ಶ್ಯೂರಿಟಿ. ನಮ್ಮ ಕಡೆ ಕೋರ್ಟುಗಳಲ್ಲಿ ಜಾಮೀನು ನಿಲ್ಲುವವರು ಜಮೀನಿನ ಪಹಣಿ ಹಿಡಿದು ಸಾಲು ನಿಂತಿರುತ್ತಾರೆ ನೋಡಿ, ಅದೇ.

ಅಪರಾಧಗಳಲ್ಲಿ ಇದು ಇನ್ನೊಂದು ವಿಂಗಡಣೆ: ಜಾಮೀನು ಕೊಡಲೇಬೇಕಾದವು, ಕೋರ್ಟಿನ ವಿವೇಚನೆಗೆ ಬಿಟ್ಟವು. ಸಂಜ್ಞೇಯ ಆದದ್ದೆಲ್ಲ ಜಾಮೀನಿಲ್ಲದ್ದು ಅಂತ ಜನ ಅಂದುಕೊಳ್ಳುತ್ತಾರೆ. ಹಾಗಿಲ್ಲ. 117(2) ಸಂಜ್ಞೇಯ, ಆದರೆ ಜಾಮೀನು ಸಿಗುವಂಥದ್ದು. ಇಲ್ಲಿ ಜಾಮೀನು ಆರೋಪಿಯ ಹಕ್ಕು. ಠಾಣೆಯಲ್ಲೇ ಕೊಡಬೇಕು. ಶ್ಯೂರಿಟಿ ತರುವ ಗತಿ ಇಲ್ಲದ ಬಡವನಾದರೆ ಅವನ ಸ್ವಂತ ಮುಚ್ಚಳಿಕೆ ಮೇಲೇ ಬಿಡಬೇಕು.

ಇನ್ನೊಂದು. ಏಳು ವರ್ಷದ ತನಕ ಶಿಕ್ಷೆ ಇರುವ ಅಪರಾಧಗಳಲ್ಲಿ ಎಫ್‌ಐಆರ್ ಆಯಿತು ಅಂತ ಕಣ್ಣುಮುಚ್ಚಿ ಬಂಧಿಸಬಾರದು. ಅರ್ನೇಶ್ ಕುಮಾರ್ ಪ್ರಕರಣದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಬಂಧನ ಯಾಕೆ ಬೇಕು ಅಂತ ಕಾರಣ ಬರೆಯಬೇಕು. ಬೇಡವಾದರೆ ನೋಟಿಸ್ ಕೊಟ್ಟು ಕರೆಸಬೇಕು.

ಬಂಧಿಸಿದರೂ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, ವಕೀಲರನ್ನು ಭೇಟಿ ಮಾಡಲು ಬಿಡಬೇಕು. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಇದು ಸಂವಿಧಾನದ 22ನೇ ವಿಧಿಯಲ್ಲೇ ಇದೆ. ಇವತ್ತು ಈ ನಿಯಮ ನಿಮ್ಮ ಶತ್ರುವನ್ನು ಕಾಪಾಡಿದ ಹಾಗೆ ಕಾಣುತ್ತದೆ. ಅವನ ಮೇಲಿನ ಆರೋಪ ಇನ್ನೂ ಆರೋಪ. ಅದು ನಿಜ ಅಂತ ಹೇಳಬೇಕಾದದ್ದು ಠಾಣೆಯಲ್ಲ, ಕೋರ್ಟು.

ಮುಂಬೈ ಕನ್ನಡತಿ

ಮೇಡಂ, ನನ್ನದು ಬೇರೆ ವಿಷಯ. ಗೆಳತಿಗೆ ಎರಡು ಲಕ್ಷ ಕೈಸಾಲ ಕೊಟ್ಟೆ. ಎರಡು ವರ್ಷ ಆಯಿತು, ಫೋನ್ ಎತ್ತುತ್ತಿಲ್ಲ. ಊರಿನ ಠಾಣೆಯಲ್ಲಿ 420 ಹಾಕಿ ಅಂದರೆ ‘ಸಿವಿಲ್ ಮ್ಯಾಟರ್’ ಅಂದರು.

ಕಪ್ಪು ಕೋಟು

ಸಾಲ ತೀರಿಸದೇ ಇರುವುದಷ್ಟೇ ವಂಚನೆ ಆಗುವುದಿಲ್ಲ. ದುಡ್ಡು ತೆಗೆದುಕೊಳ್ಳುವ ದಿನವೇ ಮೋಸದ ಮನಸ್ಸಿತ್ತು ಅಂತ ತೋರಿಸಬೇಕು. ಸುಳ್ಳು ದಾಖಲೆ ಕೊಟ್ಟಿದ್ದರು, ಸುಳ್ಳು ಕಾರಣ ಹೇಳಿದ್ದರು, ಹೀಗೆ ಏನಾದರೂ ಇರಬೇಕು. ಆಮೇಲೆ ಕೈ ಕಟ್ಟಿತು, ಕೊಡಲಾಗಲಿಲ್ಲ ಅಂದರೆ ಅದು ಸಿವಿಲ್ ದಾವೆ. ಅದಕ್ಕೂ ಸಾಮಾನ್ಯವಾಗಿ ಮೂರು ವರ್ಷದ ಗಡುವು ಇದೆ, ಕಾಯಬೇಡಿ.

ಚೆಕ್ ಏನಾದರೂ ಕೊಟ್ಟಿದ್ದಾರಾ? ಅದು ಬೌನ್ಸ್ ಆದರೆ ದಾರಿ ಬೇರೆ. ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸ್, ನೋಟಿಸ್ ಮುಟ್ಟಿದ ಮೇಲೆ ಅವರಿಗೆ 15 ದಿನ, ಅದು ಮುಗಿದ ಒಂದು ತಿಂಗಳೊಳಗೆ ಕೋರ್ಟಿಗೆ ದೂರು. ಈ ದಿನಗಳ ಲೆಕ್ಕ ತಪ್ಪಿ ಒಳ್ಳೊಳ್ಳೆಯ ಕೇಸುಗಳು ಬಿದ್ದುಹೋಗುವುದನ್ನು ನೋಡಿದ್ದೇನೆ.

ತೆಂಗಿನತೋಟ

ಕೌಂಟರ್ ಕೇಸ್ ಹಾಕಿದ್ದಾರೆ. ಅಪ್ಪನ ಮೇಲೆ, ನನ್ನ ಮೇಲೆ. ಆ ದಿನ ನಾನು ಬೆಂಗಳೂರಲ್ಲಿದ್ದೆ! ನಾವು ಟ್ರ್ಯಾಕ್ಟರ್ ತಡೆದು, ಬೈದು, ಹೊಡೆದೆವಂತೆ. 115(2), 352, 126(2). ಅವರಿಗೆ ಯಾವ ಗಾಯವೂ ಇಲ್ಲ. ಆದರೂ ಎಫ್‌ಐಆರ್ ಆಗಿದೆ. ಇಬ್ಬರಿಗೂ ನೋಟಿಸ್ ಬಂದಿದೆ. ಅಪ್ಪ ಜೀವಮಾನದಲ್ಲಿ ಠಾಣೆ ಮೆಟ್ಟಿಲು ಹತ್ತಿದ್ದು ಅವತ್ತು ದೂರು ಕೊಡಲು ಮಾತ್ರ. ಈಗ ‘ನನ್ನನ್ನು ಒಳಗೆ ಹಾಕ್ತಾರಾ’ ಅಂತ ರಾತ್ರಿಯೆಲ್ಲ ಎದ್ದು ಕೂರುತ್ತಾರೆ.

ಕಪ್ಪು ಕೋಟು

ಹೆದರಬೇಡಿ ಅಂತ ಅಪ್ಪನಿಗೆ ಮೊದಲು ಹೇಳಿ. ಕೌಂಟರ್ ಕೇಸ್ ಇಲ್ಲದ ಬದು ಜಗಳವನ್ನು ನಾನು ನೋಡಿದ್ದೇ ಕಡಿಮೆ.

115(2), 352 ಎರಡೂ ಅಸಂಜ್ಞೇಯ. ಬರೀ ಅವೇ ಆಗಿದ್ದರೆ ಅವರಿಗೂ ಎನ್‌ಸಿಆರ್ ಚೀಟಿಯೇ ಸಿಗುತ್ತಿತ್ತು. 126(2) ಅಂದರೆ ದಾರಿ ತಡೆದದ್ದು. ಶಿಕ್ಷೆ ಬರೀ ಒಂದು ತಿಂಗಳ ತನಕ, ಆದರೆ ಅದು ಸಂಜ್ಞೇಯ. ಅದೊಂದು ಸೇರಿದ್ದರಿಂದ ಇಡೀ ದೂರು ಎಫ್‌ಐಆರ್ ಆಯಿತು. ಅನೇಕ ದೂರುಗಳಲ್ಲಿ ‘ದಾರಿಗೆ ಅಡ್ಡ ನಿಂತು’ ಅನ್ನುವ ಒಂದು ಸಾಲು ಇರುವುದು ಇದಕ್ಕೇ. ನಿಜವಾಗಿ ತಡೆದಿದ್ದರೆ ಸರಿ. ಇಲ್ಲದೇ ಇದ್ದರೆ ಸುಳ್ಳು ಮಾಹಿತಿ ಕೊಟ್ಟದ್ದೂ ಅಪರಾಧವೇ.

ಎಲ್ಲವೂ ಜಾಮೀನು ಸಿಗುವಂಥವು. ನೋಟಿಸ್‌ಗೆ ಹಾಜರಾಗಿ. ಹಾಜರಾಗಿ ಸಹಕರಿಸಿದವರನ್ನು ಕಾರಣ ಬರೆಯದೆ ಬಂಧಿಸುವಂತಿಲ್ಲ. ಇದಕ್ಕೂ ಮುಖ್ಯವಾದದ್ದು: ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ 60 ದಾಟಿದವರನ್ನು ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಅನುಮತಿ ಇಲ್ಲದೆ ಬಂಧಿಸುವಂತಿಲ್ಲ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ (ಪೊಲೀಸರು, ಕೋರ್ಟು ಹೇಗೆ ನಡೆದುಕೊಳ್ಳಬೇಕು ಅಂತ ಹೇಳುವ ಕಾನೂನು) ಕಲಂ 35ರಲ್ಲೇ ಇದೆ. ಅಪ್ಪನಿಗೆ ಇದನ್ನು ಓದಿ ಹೇಳಿ.

ನೀವು ಆ ದಿನ ಬೆಂಗಳೂರಲ್ಲಿದ್ದಿರಿ ಅಂದಿರಿ. ರಾತ್ರಿ ಬಸ್ಸಿನ ಟಿಕೆಟ್ ಇದೆಯಾ? ಅದನ್ನು ಲಿಖಿತ ಉತ್ತರದ ಜೊತೆ ಕೊಟ್ಟು, ನಕಲಿನ ಮೇಲೆ ಸೀಲ್ ಹಾಕಿಸಿಕೊಳ್ಳಿ.

ಹಳೇ ದಫೇದಾರ್

ಇನ್ನೆರಡು ಮಾತು. ನಿಮ್ಮ ಕೇಸಿನಲ್ಲಿ ಅಪ್ಪ ಸಾಕ್ಷಿ. ಸಾಕ್ಷಿ ಹೇಳಿಕೆಗೆ ಅಂತ 60 ದಾಟಿದ ಗಂಡಸರನ್ನು, ಯಾವ ವಯಸ್ಸಿನ ಹೆಂಗಸರನ್ನೂ ಠಾಣೆಗೆ ಬನ್ನಿ ಅನ್ನುವಂತಿಲ್ಲ. ತನಿಖಾಧಿಕಾರಿಯೇ ಮನೆಗೆ ಬರಬೇಕು. ಅಮ್ಮನ ಹೇಳಿಕೆಯೂ ಮನೆಯಲ್ಲೇ.

ದೂರಿಗೆ ಸಹಿ ಬೇಕು. ಆದರೆ ತನಿಖೆಯಲ್ಲಿ ಬರೆದುಕೊಳ್ಳುವ ಹೇಳಿಕೆಗೆ ಸಹಿ ಹಾಕಿಸಿಕೊಳ್ಳುವಂತಿಲ್ಲ. ಸ್ಥಳ ಮಹಜರಿಗೆ, ಅಂದರೆ ಜಾಗ ನೋಡಿ ಬರೆಯುವ ವರದಿಗೆ, ಪಂಚರು (ಜೊತೆಗಿದ್ದು ನೋಡಿದ ಸಾಕ್ಷಿಗಳು) ಸಹಿ ಹಾಕುತ್ತಾರೆ, ಓದಿಸಿ ಕೇಳಿ ಹಾಕಲಿ. ಖಾಲಿ ಹಾಳೆಗೆ ಯಾರೇ ಕೇಳಿದರೂ ಬೇಡ.

ಇಬ್ಬರ ಮೇಲೂ ‘ನೂರಾ ಏಳು’ ಹಾಕಬಹುದು. ಈಗ ಅದು ಸುರಕ್ಷಾ ಸಂಹಿತೆಯ 126. ತಹಶೀಲ್ದಾರ್ ಮುಂದೆ ‘ಶಾಂತಿಯಿಂದ ಇರುತ್ತೇವೆ’ ಅಂತ ಮುಚ್ಚಳಿಕೆ, ಹೆಚ್ಚೆಂದರೆ ಒಂದು ವರ್ಷಕ್ಕೆ. ಅದು ಶಿಕ್ಷೆಯಲ್ಲ, ಅದರಿಂದ ಯಾರೂ ಅಪರಾಧಿ ಆಗುವುದಿಲ್ಲ. ಊರಲ್ಲಿ ಅದನ್ನೇ ದೊಡ್ಡದು ಮಾಡಿ ಆಡಿಕೊಳ್ಳುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ.

ಹುಳಿಯಾರ್ ಹೈದ

ಮೊದಲು ದುಡುಕಿ ಬರೆದೆ ಅಣ್ಣ, ಕ್ಷಮಿಸಿ. ಒಂದು ಕೇಳ್ತೀನಿ. ಅವನು ಠಾಣೆಯಲ್ಲಿ ‘ಹೌದು, ನಾನೇ ಹೊಡೆದೆ’ ಅಂತ ಒಪ್ಪಿಕೊಂಡರೆ ಮುಗೀತಲ್ವಾ?

ಕಪ್ಪು ಕೋಟು

ಮುಗಿಯಲ್ಲ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಕೋರ್ಟಿನಲ್ಲಿ ಅವನ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. ಹೊಡೆದು ಬಡಿದು ಒಪ್ಪಿಸಬಾರದು ಅಂತಲೇ ಈ ನಿಯಮ, 1872ರ ಸಾಕ್ಷ್ಯ ಕಾಯ್ದೆಯಲ್ಲೂ ಇತ್ತು. ಬೇಕಾದದ್ದು ನೋಡಿದವರ ಸಾಕ್ಷಿ, ಡಾಕ್ಟರ್ ಸಾಕ್ಷಿ. ಟ್ರ್ಯಾಕ್ಟರ್ ಡ್ರೈವರ್ ಕೋರ್ಟಲ್ಲಿ ನಿಂತು ‘ನಾನು ನೋಡಿಲ್ಲ’ ಅಂದುಬಿಟ್ಟರೆ ಕಷ್ಟ ಆಗುತ್ತದೆ. ನ್ಯಾಯಾಧೀಶರಿಗೆ ಸಹಜವಾದ ಅನುಮಾನ ಉಳಿದರೆ ಅದರ ಲಾಭ ಆರೋಪಿಗೆ.

ತೆಂಗಿನತೋಟ

ನಿನ್ನೆ ತನಿಖಾಧಿಕಾರಿ ಮನೆಗೇ ಬಂದಿದ್ದರು. ಜಗಲಿ ಮೇಲೆ ಕೂತು ಅಪ್ಪನ ಹೇಳಿಕೆ ಬರೆದುಕೊಂಡರು. ಅಮ್ಮ ಕಾಫಿ ಕೊಟ್ಟರು. ಅಪ್ಪ ಧೈರ್ಯವಾಗಿ ಮಾತಾಡಿದರು. ಆಮೇಲೆ ನನ್ನ ಹತ್ತಿರ ‘ಅವನೂ ಚಿಕ್ಕಂದಿನಿಂದ ನಮ್ಮ ಬಾವಿ ನೀರು ಕುಡಿದು ಬೆಳೆದವನು. ಬದು ಸರಿ ಮಾಡಿಕೊಟ್ಟರೆ ಸಾಕು, ರಾಜಿ ಆಗೋಣ್ವಾ’ ಅಂದರು. ರಾಜಿ ಆಗಲು ಬರುತ್ತದಾ ಮೇಡಂ? ದೂರು ವಾಪಸ್ ತೆಗೆದುಕೊಂಡರೆ ಸಾಕಾ?

ಕಪ್ಪು ಕೋಟು

ದೂರು ವಾಪಸ್ ಅನ್ನುವುದು ಎಫ್‌ಐಆರ್ ಆದ ಮೇಲೆ ಇಲ್ಲ. ಕ್ರಿಮಿನಲ್ ಕೇಸು ಸರ್ಕಾರದ್ದು, ನೀವು ಅದರಲ್ಲಿ ದೂರುದಾರರು ಅಷ್ಟೇ. ಆದರೆ ಕೆಲವು ಅಪರಾಧಗಳನ್ನು ರಾಜಿ ಮಾಡಿಕೊಳ್ಳಲು ಕಾನೂನೇ ಬಿಟ್ಟಿದೆ. 115(2), 352, 126(2) ಇವಕ್ಕೆ ನೊಂದವರ ಒಪ್ಪಿಗೆ ಸಾಕು. 117(2)ಕ್ಕೆ ಕೋರ್ಟಿನ ಅನುಮತಿಯೂ ಬೇಕು. ಎರಡೂ ಕಡೆಯವರು ಸ್ವಂತ ಮನಸ್ಸಿನಿಂದ ಬಂದಿದ್ದಾರೆ ಅಂತ ನೋಡಿ ಕೋರ್ಟು ಅನುಮತಿ ಕೊಡಬಹುದು. ಲೋಕ ಅದಾಲತ್ತಿನಲ್ಲೂ ಆಗುತ್ತದೆ. ರಾಜಿಯಾದರೆ ಆರೋಪಿ ಖುಲಾಸೆ ಆದ ಹಾಗೆ, ಮತ್ತೆ ತೆರೆಯಲು ಬರುವುದಿಲ್ಲ.

ರಾಜಿ ಅಪ್ಪನ ಇಷ್ಟಕ್ಕೆ ಆಗಲಿ, ಭಯಕ್ಕೆ ಬೇಡ. ವಕೀಲರ ಫೀಸಿಗೆ ತೊಂದರೆ ಅಂದರೆ ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟ್ ಆವರಣದಲ್ಲೇ ಇರುತ್ತದೆ, 15100ಕ್ಕೂ ಫೋನ್ ಮಾಡಬಹುದು. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ.

ಆದರೆ ಬದು ಹಾಗೇ ಉಳಿದರೆ ಮುಂದಿನ ಮುಂಗಾರಿಗೆ ಮತ್ತೆ ಇದೇ ಜಗಳ. ಹದ್ದುಬಸ್ತಿಗೆ (ಸರ್ವೆಯವರು ಅಳೆದು ಗಡಿ ಗುರುತಿಸುವುದಕ್ಕೆ) ಅರ್ಜಿ ಹಾಕಿದ್ದೀರಾ?

ತೆಂಗಿನತೋಟ

ಇಲ್ಲ ಮೇಡಂ. ನಾಳೆಯೇ ಹಾಕುತ್ತೇನೆ. ಕಲ್ಲು ಎಲ್ಲಿ ಹೂತಿದೆ ಅಂತ ಅಪ್ಪನಿಗೆ ಗೊತ್ತು. ತಾತ ನೆಟ್ಟ ಹುಣಸೆ ಮರದಿಂದ ಹನ್ನೊಂದು ಹೆಜ್ಜೆ ಅಂತಾರೆ. ಸರ್ವೆಯವರು ಬಂದ ದಿನ ಇಲ್ಲೇ ಬರೆಯುತ್ತೇನೆ.